ಆರ್.ಟಿ. ನಗರದ ರಿಪೇರಿ ಅಂಗಡಿಯೂ ಸರ್ಟಿಫಿಕೇಟಿನ ಚರಿತ್ರೆಯೂ

ಎಲೆಕ್ಟ್ರಾನಿಕ್ ಉಪಕರಣಗಳ ದುರಸ್ತಿಯ ಚರಿತ್ರೆಯಲ್ಲಿ ಎದ್ದು ಕಾಣುವ ಸಂಗತಿಯೆಂದರೆ, ಸರ್ಕಾರವು ಉಪಕರಣವನ್ನು ಇಟ್ಟುಕೊಂಡವನ ಮೇಲೆ ಕಣ್ಣಿಟ್ಟಷ್ಟು ಅದನ್ನು ಬಿಚ್ಚಿ ಸರಿಪಡಿಸುವವನ ವಿದ್ಯೆಯ ಮೇಲೆ ಕಣ್ಣಿಡಲಿಲ್ಲ. 1933ರ ಭಾರತೀಯ ನಿಸ್ತಂತು ತಂತಿ ಕಾಯಿದೆಯ ಪ್ರಕಾರ ಮನೆಯಲ್ಲಿ ರೇಡಿಯೊ ಇಟ್ಟುಕೊಳ್ಳುವುದಕ್ಕೇ ಲೈಸೆನ್ಸ್ ಬೇಕಿತ್ತು. ಅಂಚೆ ಕಚೇರಿಯಲ್ಲಿ ಶುಲ್ಕ ಕಟ್ಟಿ ಲೈಸೆನ್ಸನ್ನು ವರ್ಷವರ್ಷವೂ ನವೀಕರಿಸಿಕೊಳ್ಳುವ ಈ ಪದ್ಧತಿ ಮುಂದೆ ಟಿ.ವಿ.ಗೂ ಅನ್ವಯವಾಗಿ 1980ರ ದಶಕದ ಮಧ್ಯಭಾಗದವರೆಗೂ ನಡೆಯಿತು. ಮನೆಗೆ ವೈರಿಂಗ್ ಮಾಡುವವನಿಗೆ 1956ರ ಭಾರತೀಯ ವಿದ್ಯುಚ್ಛಕ್ತಿ ನಿಯಮಗಳಲ್ಲಿನ 45ನೆಯ ನಿಯಮ ಪರ್ಮಿಟ್ಟನ್ನು ಕಡ್ಡಾಯಗೊಳಿಸಿತು. ಗೋಡೆಯ ಪ್ಲಗ್ಗಿನವರೆಗೆ ಬಂದು ನಿಂತ ಆ ಕಾನೂನು ಪ್ಲಗ್ಗಿಗೆ ಸಿಕ್ಕಿಸಿದ ಪೆಟ್ಟಿಗೆಯೊಳಗೆ ಇಣುಕಲಿಲ್ಲವಾದ್ದರಿಂದ, ರಿಪೇರಿಯವನ ಸರ್ಟಿಫಿಕೇಟು ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಕೆಲಸಕ್ಕೆ ಬಂದರೂ ಅಂಗಡಿ ತೆರೆಯಲು ಬೇಕಾದ ಪರವಾನಗಿ ಮಾತ್ರ ಆಗಲಿಲ್ಲ.

ರವೀಂದ್ರನಾಥ ಠಾಗೋರರ ಹೆಸರು ಹೊತ್ತ, ಬೆಂಗಳೂರಿನ ಆರ್.ಟಿ. ನಗರದಂಥ ಬಡಾವಣೆ ಈ ಚರಿತ್ರೆಗೆ ಒಳ್ಳೆಯ ನಿದರ್ಶನ. ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್) ಆರಂಭವಾದ ಮೇಲೆ ಉತ್ತರ ಬೆಂಗಳೂರಿನಲ್ಲಿ ಕಾರ್ಖಾನೆ ನೌಕರರ ವಸತಿ ಬೆಳೆಯುತ್ತಾ ಹೋಯಿತು, ಆರ್.ಟಿ. ನಗರದೊಳಗಿನ ಎಚ್‌ಎಂಟಿ ಲೇಔಟ್ ಎಂಬ ಹೆಸರೇ ಅದಕ್ಕೆ ಸಾಕ್ಷಿ. ಸಂಬಳದ ಖಾತರಿಯುಳ್ಳ ಇಂಥ ಮನೆಗಳಿಗೆ ಟಿ.ವಿ. ಬರಲು ಕಾಲ ಕೂಡಿ ಬಂದದ್ದು, 1981ರ ನವೆಂಬರ್ 1ರಂದು ಬೆಂಗಳೂರು ದೂರದರ್ಶನ ಕೇಂದ್ರ ಶುರುವಾಗಿ, ಮರುವರ್ಷದ ಏಷ್ಯನ್ ಕ್ರೀಡಾಕೂಟದ ನೆಪದಲ್ಲಿ ದೇಶಕ್ಕೆ ಬಣ್ಣದ ಪ್ರಸಾರ ಕಾಲಿಟ್ಟಾಗ. ಸೆಟ್ಟುಗಳು ಬಂದಲ್ಲಿಗೆ ರಿಪೇರಿಯವರೂ ಬರುತ್ತಾರೆ. ಆದರೆ ಅವರು ಎಲ್ಲಿ ಕಲಿತು ಬಂದವರು ಎಂಬುದನ್ನು ಸರ್ಕಾರವಾಗಲಿ ಗಿರಾಕಿಯಾಗಲಿ ಅಷ್ಟಾಗಿ ವಿಚಾರಿಸಲಿಲ್ಲ. ಇದಕ್ಕೆ ಕೆಲವೇ ವರ್ಷ ಹಿಂದೆ, 1975–76ರ ‘ಸೈಟ್’ ಪ್ರಯೋಗದಲ್ಲಿ, ಅಂದರೆ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಶೈಕ್ಷಣಿಕ ಕಾರ್ಯಕ್ರಮಗಳನ್ನು ತಲುಪಿಸಿದ ಯೋಜನೆಯಲ್ಲಿ, ರಾಯಚೂರು, ಗುಲ್ಬರ್ಗ ಮತ್ತು ಬಿಜಾಪುರ ಜಿಲ್ಲೆಗಳ ಸಮುದಾಯ ಸೆಟ್ಟುಗಳ ದುರಸ್ತಿಗೆ ವ್ಯವಸ್ಥಿತ ಏರ್ಪಾಡು ಇತ್ತು. ಸೆಟ್ಟು ಸರ್ಕಾರದ್ದಾಗಿದ್ದಾಗ ದುರಸ್ತಿಯೂ ಸರ್ಕಾರದ ಹೊಣೆಯಾಗಿತ್ತು, ಸೆಟ್ಟು ಮನೆಯವರದ್ದಾದ ಮೇಲೆ ಅದು ಬೀದಿಯ ಅಂಗಡಿಯ ಪಾಲಾಯಿತು.

ಸರ್ಕಾರದ ಸರ್ಟಿಫಿಕೇಟು ಇರಲಿಲ್ಲವೆಂದಲ್ಲ. ಕೇಂದ್ರ ಸರ್ಕಾರ 1950ರಲ್ಲಿ ಕುಶಲಕರ್ಮಿ ತರಬೇತಿ ಯೋಜನೆಯನ್ನು ಆರಂಭಿಸಿ ಐಟಿಐಗಳನ್ನು, ಅಂದರೆ ಕೈಗಾರಿಕಾ ತರಬೇತಿ ಸಂಸ್ಥೆಗಳನ್ನು ತೆರೆಯಿತು. 1956ರಲ್ಲಿ ರಚನೆಯಾದ, ವೃತ್ತಿ ತರಬೇತಿಯ ರಾಷ್ಟ್ರೀಯ ಮಂಡಳಿಯು ಪಠ್ಯಕ್ರಮವನ್ನೂ ದೇಶಕ್ಕೆಲ್ಲ ಒಂದೇ ಆದ ‘ಅಖಿಲ ಭಾರತ ಟ್ರೇಡ್ ಪರೀಕ್ಷೆ’ಯನ್ನೂ ಗೊತ್ತುಮಾಡಿ, ತೇರ್ಗಡೆಯಾದವರಿಗೆ ರಾಷ್ಟ್ರೀಯ ಟ್ರೇಡ್ ಪ್ರಮಾಣಪತ್ರ ನೀಡತೊಡಗಿತು. ರೇಡಿಯೊ ಮತ್ತು ಟೆಲಿವಿಷನ್ ಮೆಕ್ಯಾನಿಕ್, ಎಲೆಕ್ಟ್ರಾನಿಕ್ ಮೆಕ್ಯಾನಿಕ್ ಎಂಬ ಟ್ರೇಡುಗಳು ಈ ವ್ಯವಸ್ಥೆಯೊಳಗಿನವೇ. 1961ರ ಅಪ್ರೆಂಟಿಸ್ ಕಾಯಿದೆಯಿಂದ ಕಾರ್ಖಾನೆಯಲ್ಲಿ ಕೆಲಸ ಕಲಿತವರಿಗೂ ಪ್ರತ್ಯೇಕ ಪ್ರಮಾಣಪತ್ರ ದೊರೆಯಿತು. 1971ರಲ್ಲಿ ಪಶ್ಚಿಮ ಜರ್ಮನಿಯ ನೆರವಿನಿಂದ ಯಶವಂತಪುರದ ಕಡೆ ತುಮಕೂರು ರಸ್ತೆಯಲ್ಲಿ ಫೋರ್‌ಮನ್ ತರಬೇತಿ ಸಂಸ್ಥೆ ತಲೆಯೆತ್ತಿತು. ಇವೆಲ್ಲವೂ ಕಾರ್ಖಾನೆಯನ್ನು ಕಣ್ಮುಂದೆ ಇಟ್ಟುಕೊಂಡು ಕಟ್ಟಿದ ವ್ಯವಸ್ಥೆಗಳಾದ್ದರಿಂದ ಐಟಿಐ ಪಾಸಾದ ಹುಡುಗನ ಕಣ್ಣು ಬಿಇಎಲ್ಲಿನ ಮೇಲೋ ದೂರವಾಣಿ ಇಲಾಖೆಯ ಮೇಲೋ ಇರುತ್ತಿತ್ತೇ ಹೊರತು ಮುಖ್ಯರಸ್ತೆಯ ಹತ್ತಡಿ ಅಂಗಡಿಯ ಮೇಲಲ್ಲ. ಎಲೆಕ್ಟ್ರಾನಿಕ್ ಮೆಕ್ಯಾನಿಕ್ ಟ್ರೇಡಿಗೆ ಸೇರಲು ಎಸ್‌ಎಸ್‌ಎಲ್‌ಸಿ ಪಾಸಾಗಿರಬೇಕೆಂಬ ಷರತ್ತು, ಆ ಪರೀಕ್ಷೆಯಲ್ಲಿ ನಪಾಸಾಗಿ ರಿಪೇರಿ ಅಂಗಡಿಗೆ ಸೇರಿಕೊಂಡ ಹುಡುಗರನ್ನು ಬಾಗಿಲಲ್ಲೇ ತಡೆಯಿತು.

ಅಂಗಡಿಯ ಪರೀಕ್ಷೆ ಬೇರೆಯೇ ಇತ್ತು. ಬಣ್ಣದ ಟಿ.ವಿ.ಯ ಪಿಕ್ಚರ್ ಟ್ಯೂಬಿಗೆ ಇಪ್ಪತ್ತು ಸಾವಿರ ವೋಲ್ಟಿಗೂ ಮೀರಿದ ಒತ್ತಡವನ್ನು ಒದಗಿಸುವ ಭಾಗಕ್ಕೆ ಮೆಕ್ಯಾನಿಕ್ಕುಗಳು ಇಎಚ್‌ಟಿ ಎನ್ನುತ್ತಾರೆ. ಸೆಟ್ಟನ್ನು ಆರಿಸಿ ಪ್ಲಗ್ ಕಿತ್ತ ಮೇಲೂ ಟ್ಯೂಬಿನ ಗಾಜು ಈ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರುತ್ತದೆ. ಸ್ಕ್ರೂಡ್ರೈವರಿಗೆ ಸುತ್ತಿದ ವೈರಿನ ಇನ್ನೊಂದು ತುದಿಯನ್ನು ಮೊದಲು ಟ್ಯೂಬಿನ ಹೊರಮೈಯ ಅರ್ಥ್ ತಂತಿಗೆ ಬಿಗಿದು, ಆಮೇಲೆ ಟ್ಯೂಬಿನ ನೆತ್ತಿಯ ಮೇಲಿರುವ ರಬ್ಬರ್ ಟೋಪಿಯ ಅಡಿಗೆ ಸ್ಕ್ರೂಡ್ರೈವರನ್ನು ತೂರಿಸಿ, ‘ಟಪ್’ ಎಂಬ ಸದ್ದು ಕೇಳಿದ ಮೇಲೆಯೇ ಒಳಗೆ ಕೈಹಾಕಬೇಕು. ಶಿಷ್ಯನಿಗೆ ಇದನ್ನು ಒಬ್ಬನೇ ಮಾಡಲು ಬಿಡುವುದು, ಬೋರ್ಡಿನಲ್ಲಿ ಬಿರುಕು ಬಿಟ್ಟ ಬೆಸುಗೆಯನ್ನು, ಅಂದರೆ ಡ್ರೈ ಸೋಲ್ಡರನ್ನು ಬರಿಗಣ್ಣಿನಲ್ಲೇ ಪತ್ತೆಹಚ್ಚಲು ಹೇಳುವುದು, ಕೊನೆಗೆ ಗಿರಾಕಿಯ ಮನೆಗೆ ಒಬ್ಬನನ್ನೇ ಕಳಿಸುವುದು, ಇವೇ ಆ ಶಾಲೆಯ ತರಗತಿಗಳು. ಕಾಗದವಿಲ್ಲದ ಈ ಶಿಕ್ಷಣವನ್ನು ಹೊಗಳಿ ಕೂರುವುದೂ ಸರಿಯಲ್ಲ, ಏಕೆಂದರೆ ಸಂಬಳವಿಲ್ಲದ ದುಡಿಮೆಯೂ ಅಡ್ಡದಾರಿಯ ಬೆಸುಗೆಯೂ ಇದೇ ಶಾಲೆಯ ಪಾಠಗಳಾಗಿದ್ದವು.

ಕಸುಬುದಾರರೇ ಕೂಡಿ ಪರಸ್ಪರ ಪರೀಕ್ಷಿಸಿಕೊಳ್ಳುವ ಮೂರನೆಯ ದಾರಿಯೊಂದು ಅಮೆರಿಕದಲ್ಲಿ ತೆರೆದುಕೊಂಡಿತ್ತು. ಅಲ್ಲಿನ ದುರಸ್ತಿಗಾರರ ಸಂಘಟನೆಯೊಂದು 1965ರಲ್ಲಿ ಪ್ರಮಾಣೀಕೃತ ತಂತ್ರಜ್ಞರ ಸಂಸ್ಥೆಯನ್ನು ಹುಟ್ಟುಹಾಕಿತು. ಅಂಥ ಪದ್ಧತಿ ಇಲ್ಲಿ ಬೇರೂರಲಿಲ್ಲ. ಆ ಖಾಲಿ ಜಾಗವನ್ನು 1990ರ ದಶಕದಲ್ಲಿ ಕಂಪನಿಗಳು ತುಂಬಿದವು: ತಮ್ಮ ಸರ್ವಿಸ್ ಸೆಂಟರಿನ ನೌಕರನಿಗೆ ತಮ್ಮದೇ ಮಾದರಿಗಳ ತರಬೇತಿ ಕೊಟ್ಟು ತಮ್ಮದೇ ಪ್ರಮಾಣಪತ್ರ ನೀಡಿದವು. ಕಂಪ್ಯೂಟರ್ ರಿಪೇರಿಯವರ ನಡುವೆ 1993ರಲ್ಲಿ ಆರಂಭವಾದ ‘ಎ ಪ್ಲಸ್’ ಎಂಬ ಅಮೆರಿಕನ್ ಪರೀಕ್ಷೆ ಹೆಸರು ಮಾಡಿತು. ಗಿರಾಕಿಯ ದೃಷ್ಟಿಯಲ್ಲಿ ‘ಆಥರೈಸ್ಡ್’ ಎಂಬ ಫಲಕಕ್ಕೆ ಬೆಲೆ ಬಂದದ್ದು ಈ ಕಾಲದಲ್ಲಿ. ಆದರೆ ಆ ಮಾನ್ಯತೆ ಸಲ್ಲುತ್ತಿದ್ದದ್ದು ಕಂಪನಿಯ ಜೊತೆಗಿನ ಒಪ್ಪಂದಕ್ಕೇ ಹೊರತು ಕೆಲಸಗಾರನ ಕೈಗಲ್ಲ, ಒಪ್ಪಂದ ಮುಗಿದರೆ ಫಲಕವೂ ಇಳಿಯುತ್ತಿತ್ತು.

ಮೊಬೈಲ್ ಬಂದ ಮೇಲೆ ಸರ್ಕಾರ ಮತ್ತೆ ಈ ಕಡೆ ತಿರುಗಿತು. 2007ರಲ್ಲಿ ಶುರುವಾದ ಮಾಡ್ಯುಲರ್ ಕೌಶಲ ಯೋಜನೆಯು ಎರಡು ವರ್ಷದ ಟ್ರೇಡನ್ನು ಕೆಲವು ವಾರಗಳ ತುಂಡುಗಳಾಗಿ ಒಡೆಯಿತು. 2013ರ ಡಿಸೆಂಬರಿನಲ್ಲಿ ಪ್ರಕಟವಾದ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು ಎಲ್ಲ ಕಸುಬುಗಳನ್ನೂ ಹತ್ತು ಹಂತಗಳ ಏಣಿಯಲ್ಲಿ ಕೂರಿಸಿತು. ಎಲೆಕ್ಟ್ರಾನಿಕ್ಸ್ ವಲಯದ ಕೌಶಲ ಮಂಡಳಿಯು ಮೊಬೈಲ್ ಹಾರ್ಡ್‌ವೇರ್ ರಿಪೇರಿಯವನು ಏನೇನು ಬಲ್ಲವನಾಗಿರಬೇಕೆಂಬ ಪಟ್ಟಿಯನ್ನು ಸಿದ್ಧಪಡಿಸಿತು. 2015ರ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿನ ‘ಪೂರ್ವ ಕಲಿಕೆಯ ಮಾನ್ಯತೆ’ ಎಂಬ ಏರ್ಪಾಡು ಚರಿತ್ರೆಯ ದೃಷ್ಟಿಯಿಂದ ಉಳಿದೆಲ್ಲಕ್ಕಿಂತ ಮುಖ್ಯವಾದುದು, ಏಕೆಂದರೆ ಹತ್ತಾರು ವರ್ಷ ಅಂಗಡಿಯಲ್ಲೇ ಕಲಿತವನನ್ನು ಮತ್ತೆ ಶಾಲೆಗೆ ಕಳಿಸದೆ, ಕೆಲವೇ ದಿನಗಳ ಪರಿಚಯ ತರಗತಿಯ ನಂತರ ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಮೂಲಕ, ಗುರುಶಿಷ್ಯರ ಆ ಹಳೆಯ ಶಾಲೆಯನ್ನು ಸರ್ಕಾರ ಶಾಲೆಯೆಂದು ಒಪ್ಪಿಕೊಂಡಂತಾಯಿತು. ಹಾಟ್ ಏರ್ ಬ್ಲೋವರ್ ಹಿಡಿದು ಐಸಿ ಕಿತ್ತು ಕೂರಿಸುವವನಿಗೆ ಇದರಿಂದ ಒಬ್ಬ ಗಿರಾಕಿಯಾದರೂ ಹೆಚ್ಚಿದನೇ ಎಂಬುದು ಬೇರೆ ಮಾತು. ಪ್ರಮಾಣಪತ್ರವನ್ನು ಓದಿ ಅಂಗಡಿ ಹೊಗುವ ಅಭ್ಯಾಸ ಗಿರಾಕಿಗೆ ಬರಲಿಲ್ಲ, ಸಾಲ ಕೊಡುವ ಬ್ಯಾಂಕಿಗೂ ನೌಕರಿ ಕೊಡುವ ಕಂಪನಿಗೂ ಅದು ಹೆಚ್ಚು ಅರ್ಥಪೂರ್ಣ.

2022ರ ಡಿಸೆಂಬರ್ 24ರಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ‘ದುರಸ್ತಿಯ ಹಕ್ಕಿ’ನ ಪೋರ್ಟಲ್ಲನ್ನು ತೆರೆದಾಗಿನಿಂದ, ದುರಸ್ತಿ ಯಾರು ಮಾಡಬೇಕೆಂಬ ವಾದದ ದಿಕ್ಕು ಬದಲಾಗಿದೆ. ಕೈಪಿಡಿ, ಬಿಡಿಭಾಗ ಮತ್ತು ದುರಸ್ತಿಯ ವಿವರಗಳು ಕಂಪನಿಯ ಹೊರಗಿನವರಿಗೂ ಸಿಗಬೇಕೆಂಬುದು ಈ ಹಕ್ಕಿನ ತಿರುಳು. ಹೊರಗಿನವರಲ್ಲಿ ಯಾರನ್ನು ನಂಬಬೇಕೆಂದು ಕಂಪನಿಗಳು ಮರುಪ್ರಶ್ನೆ ಹಾಕಿದ ದಿನ, ಅಂಗಡಿಯ ಪೆಟ್ಟಿಗೆಯ ತಳದಲ್ಲಿ ಬಿದ್ದಿರುವ ಆ ಕೌಶಲ ಪ್ರಮಾಣಪತ್ರವನ್ನು ರಿಪೇರಿಯವನು ಹೊರತೆಗೆಯಬೇಕಾಗಿ ಬರಬಹುದು.