ಭಾರತದ ಆಂತರಿಕ ವಲಸೆ ಕಾರ್ಮಿಕರ ಸಾಮಾಜಿಕ ಭದ್ರತೆ

ಆಂತರಿಕ ವಲಸೆ ಕಾರ್ಮಿಕರು ಎಂದರೆ ಜೀವನೋಪಾಯಕ್ಕಾಗಿ ಸ್ವಂತ ಊರನ್ನು ಬಿಟ್ಟು ದೇಶದೊಳಗಿನ ಮತ್ತೊಂದು ಜಿಲ್ಲೆಗೆ ಅಥವಾ ರಾಜ್ಯಕ್ಕೆ ದುಡಿಯಲು ಹೋಗುವವರು. ಕಟ್ಟಡ ನಿರ್ಮಾಣ, ಇಟ್ಟಿಗೆ ಭಟ್ಟಿ, ಕಲ್ಲುಗಣಿ, ಕಬ್ಬು ಕಟಾವು, ಜವಳಿ ಉದ್ಯಮ ಮತ್ತು ಮನೆಗೆಲಸಗಳಲ್ಲಿ ಇವರು ಹೆಚ್ಚಾಗಿ ಕಂಡುಬರುತ್ತಾರೆ. ಉತ್ತರ ಕರ್ನಾಟಕದಲ್ಲಿ ಇಂತಹ ವಲಸೆಯನ್ನು 'ಗುಳೆ' ಹೋಗುವುದು ಎನ್ನುತ್ತಾರೆ. 2016–17ರ ಆರ್ಥಿಕ ಸಮೀಕ್ಷೆಯ ಅಂದಾಜಿನಂತೆ 2011ರಿಂದ 2016ರವರೆಗೆ ರಾಜ್ಯ ರಾಜ್ಯಗಳ ನಡುವೆ ವರ್ಷಕ್ಕೆ ಸರಾಸರಿ ಸುಮಾರು 90 ಲಕ್ಷ ಜನರು ವಲಸೆ ಹೋದರು. ದೇಶದ ಯಾವುದೇ ಭಾಗದಲ್ಲಿ ಸಂಚರಿಸುವ ಮತ್ತು ನೆಲೆಸುವ ಹಕ್ಕನ್ನು ಸಂವಿಧಾನದ 19ನೆಯ ವಿಧಿ ನೀಡಿದೆ. ಆದರೆ ಹಲವು ಸೌಲಭ್ಯಗಳು ವಾಸಸ್ಥಳದ ದಾಖಲೆಗೆ ಅಂಟಿಕೊಂಡಿರುವುದರಿಂದ, ಊರು ಬಿಟ್ಟವರಿಗೆ ಅವು ಕೈತಪ್ಪುವುದುಂಟು.

ಕಾನೂನಿನ ಹಿನ್ನೆಲೆ

ಒಡಿಶಾದಲ್ಲಿ 'ಸರದಾರ' ಅಥವಾ 'ಖಾತಾದಾರ' ಎಂಬ ಮಧ್ಯವರ್ತಿಗಳು ಕಾರ್ಮಿಕರನ್ನು ಹೊರರಾಜ್ಯಗಳ ಕಾಮಗಾರಿಗಳಿಗೆ ಕರೆದೊಯ್ಯುತ್ತಿದ್ದ 'ದಾದನ್' ಪದ್ಧತಿಯಲ್ಲಿ ತೀವ್ರ ಶೋಷಣೆಯಿತ್ತು. ಇದನ್ನು ತಡೆಯುವ ಪ್ರಯತ್ನವಾಗಿ ಸಂಸತ್ತು ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ, 1979ನ್ನು ಅಂಗೀಕರಿಸಿತು. ಗುತ್ತಿಗೆದಾರರ ಮೂಲಕ ಬಂದ ಐದು ಅಥವಾ ಹೆಚ್ಚು ಅಂತರರಾಜ್ಯ ಕಾರ್ಮಿಕರಿರುವ ಸಂಸ್ಥೆಗಳಿಗೆ ಇದು ಅನ್ವಯವಾಗುತ್ತಿತ್ತು. ಇದರ ಮುಖ್ಯ ಅಂಶಗಳು:

• ಸಂಸ್ಥೆಯ ನೋಂದಣಿ ಮತ್ತು ಗುತ್ತಿಗೆದಾರರ ಪರವಾನಗಿ
• ಭಾವಚಿತ್ರವಿರುವ ಪಾಸ್‌ಬುಕ್
• ಸ್ಥಳೀಯ ಕಾರ್ಮಿಕರಿಗೆ ಸಮನಾದ ವೇತನ
• ಹೋಗಿಬರುವ ಪ್ರಯಾಣದ ವೆಚ್ಚ ಮತ್ತು ಪ್ರಯಾಣದ ದಿನಗಳ ಕೂಲಿ
• ಸ್ಥಳಾಂತರ ಭತ್ಯೆ, ವಸತಿ ಮತ್ತು ಉಚಿತ ವೈದ್ಯಕೀಯ ನೆರವು

ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಮಾಲೀಕನೇ ಅದನ್ನು ಪಾವತಿಸಬೇಕಿತ್ತು. ಆದರೆ ಸ್ವತಃ ಕೆಲಸ ಹುಡುಕಿಕೊಂಡು ಬಂದವರೂ, ರಾಜ್ಯದೊಳಗೇ ವಲಸೆ ಹೋದವರೂ ಕಾಯ್ದೆಯ ವ್ಯಾಪ್ತಿಗೆ ಬರಲಿಲ್ಲ. ರಾಯಚೂರು ಅಥವಾ ಯಾದಗಿರಿಯಿಂದ ಬೆಂಗಳೂರಿಗೆ ಬಂದ ಕಟ್ಟಡ ಕಾರ್ಮಿಕರಿಗೆ ಹೀಗೆ ಇದರ ರಕ್ಷಣೆ ದೊರೆಯಲಿಲ್ಲ.

2020ರ ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ ಈ ಕಾಯ್ದೆಯ ಸ್ಥಾನವನ್ನು ಪಡೆದು, 2025ರ ನವೆಂಬರ್ 21ರಂದು ಜಾರಿಗೆ ಬಂದಿತು. ಇದು ಸ್ವತಃ ಬಂದ ಅಂತರರಾಜ್ಯ ಕಾರ್ಮಿಕರನ್ನೂ ಒಳಗೊಂಡಿದೆ. ಆದರೆ ಕನಿಷ್ಠ ಸಂಖ್ಯೆಯನ್ನು ಹತ್ತಕ್ಕೆ ಏರಿಸಿ, ಸ್ಥಳಾಂತರ ಭತ್ಯೆಯನ್ನು ಕೈಬಿಟ್ಟಿದೆ.

ನ್ಯಾಯಾಲಯದ ತೀರ್ಪುಗಳು

ಏಷ್ಯನ್ ಕ್ರೀಡಾಕೂಟದ ಕಾಮಗಾರಿಗಳ ಕಾರ್ಮಿಕರಿಗೆ ಸಂಬಂಧಿಸಿದ 1982ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಕನಿಷ್ಠ ವೇತನಕ್ಕಿಂತ ಕಡಿಮೆ ಕೂಲಿಗೆ ದುಡಿಸುವುದು ಸಂವಿಧಾನದ 23ನೆಯ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆ ಎಂದು ಸಾರಿತು. 2021ರ ಜೂನ್ 29ರ ತೀರ್ಪಿನಲ್ಲಿ ವಲಸೆ ಕಾರ್ಮಿಕರಿಗೆ ಪಡಿತರ ಒದಗಿಸಲು, ಸಮುದಾಯ ಅಡುಗೆಮನೆ ನಡೆಸಲು ಮತ್ತು ಅಸಂಘಟಿತ ಕಾರ್ಮಿಕರ ನೋಂದಣಿ ವ್ಯವಸ್ಥೆ ರೂಪಿಸಲು ಆದೇಶಿಸಿತು.

2020ರ ಬಿಕ್ಕಟ್ಟು

2020ರ ಮಾರ್ಚ್ 25ರಿಂದ ಲಾಕ್‌ಡೌನ್ ಜಾರಿಯಾದಾಗ ಕೂಲಿ ಮತ್ತು ಆಹಾರವಿಲ್ಲದೆ ಲಕ್ಷಾಂತರ ಕಾರ್ಮಿಕರು ಕಾಲ್ನಡಿಗೆಯಲ್ಲಿ ಊರಿಗೆ ಹೊರಟರು. ಮೇ 1ರಿಂದ ಶ್ರಮಿಕ್ ವಿಶೇಷ ರೈಲುಗಳು ಆರಂಭವಾದವು. ಮೇ 8ರಂದು ಮಹಾರಾಷ್ಟ್ರದ ಔರಂಗಾಬಾದ್ ಜಿಲ್ಲೆಯಲ್ಲಿ ಹಳಿಯ ಮೇಲೆ ಮಲಗಿದ್ದ 16 ಕಾರ್ಮಿಕರು ಸರಕು ರೈಲಿಗೆ ಸಿಲುಕಿ ಮೃತಪಟ್ಟರು. ಕರ್ನಾಟಕ ಸರ್ಕಾರವು ಕಟ್ಟಡ ನಿರ್ಮಾಣಗಾರರೊಂದಿಗಿನ ಸಭೆಯ ಬಳಿಕ ವಿಶೇಷ ರೈಲುಗಳನ್ನು ರದ್ದುಪಡಿಸುವಂತೆ ಕೋರಿ, ಟೀಕೆಗಳ ನಂತರ ಆ ನಿರ್ಧಾರವನ್ನು ಹಿಂಪಡೆಯಿತು.

ಯೋಜನೆಗಳು

• ಒಂದು ರಾಷ್ಟ್ರ ಒಂದು ಪಡಿತರ ಚೀಟಿ: 2019ರಲ್ಲಿ ಆರಂಭವಾಗಿ 2022ರ ವೇಳೆಗೆ ಎಲ್ಲ ರಾಜ್ಯಗಳಿಗೆ ವಿಸ್ತರಿಸಿತು. ಆಹಾರ ಭದ್ರತಾ ಕಾಯ್ದೆಯ ಫಲಾನುಭವಿಗಳು ದೇಶದ ಯಾವುದೇ ನ್ಯಾಯಬೆಲೆ ಅಂಗಡಿಯಲ್ಲಿ ಧಾನ್ಯ ಪಡೆಯಬಹುದು. ಕುಟುಂಬದ ಪಾಲನ್ನು ಊರಿನಲ್ಲೂ ದುಡಿಯುವ ಸ್ಥಳದಲ್ಲೂ ಭಾಗಶಃ ಪಡೆಯಲು ಅವಕಾಶವಿದೆ.
• ಇ-ಶ್ರಮ್: ಅಸಂಘಟಿತ ಕಾರ್ಮಿಕರ ರಾಷ್ಟ್ರೀಯ ದತ್ತಾಂಶ ಕೋಶ. 2021ರ ಆಗಸ್ಟ್ 26ರಂದು ಆರಂಭವಾಯಿತು.
• ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗಳು: ನಿರ್ಮಾಣ ವೆಚ್ಚದ ಮೇಲಿನ ಸೆಸ್‌ನಿಂದ ನಡೆಯುತ್ತವೆ. ಹಿಂದಿನ 12 ತಿಂಗಳಲ್ಲಿ ಕನಿಷ್ಠ 90 ದಿನ ದುಡಿದವರು ನೋಂದಣಿಗೆ ಅರ್ಹರು.
• ಕೇರಳದ ವಲಸೆ ಕಾರ್ಮಿಕರ ಕಲ್ಯಾಣ ಯೋಜನೆ: 2010ರಲ್ಲಿ ಆರಂಭವಾಯಿತು. ಬಳಿಕ 'ಆವಾಜ್' ಆರೋಗ್ಯ ವಿಮೆಯೂ ಬಂದಿತು.

ನೆರವು ಮತ್ತು ಅಡೆತಡೆಗಳು

ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ, 1987ರಡಿ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಜೀತಕ್ಕೆ ಸಿಲುಕಿದವರು ಹಾಗೂ ಕೈಗಾರಿಕಾ ಕಾರ್ಮಿಕರು ಉಚಿತ ಕಾನೂನು ನೆರವು ಪಡೆಯಬಹುದು. ಇದರ ಸಹಾಯವಾಣಿ 15100. ಕೆಲಸದ ವೇಳೆ ಅಪಘಾತ ಸಂಭವಿಸಿದರೆ, ಕಾರ್ಮಿಕ ಅಥವಾ ಅವಲಂಬಿತರು ತಾವು ವಾಸಿಸುವ ಪ್ರದೇಶದ ಅಧಿಕಾರಿಯ ಮುಂದೆಯೂ ಪರಿಹಾರದ ಅರ್ಜಿ ಸಲ್ಲಿಸಬಹುದು. ಉದಯಪುರದಲ್ಲಿ 2005ರಲ್ಲಿ ಸ್ಥಾಪನೆಯಾದ ಆಜೀವಿಕಾ ಬ್ಯೂರೋ, ವಲಸೆ ಕಾರ್ಮಿಕರಿಗೆ ಗುರುತಿನ ಚೀಟಿ, ಬಾಕಿ ಕೂಲಿಯ ವಸೂಲಿ ಮತ್ತು ಕಾನೂನು ಸಲಹೆಯಲ್ಲಿ ನೆರವಾಗುತ್ತಿದೆ.

ಲಿಖಿತ ಕರಾರು ಇಲ್ಲದಿರುವುದು, ಮೇಸ್ತ್ರಿಯ ಆಚೆಗಿನ ಮಾಲೀಕ ಯಾರೆಂಬುದೇ ತಿಳಿಯದಿರುವುದು, ಭಾಷೆಯ ತೊಡಕು ಮತ್ತು ಪದೇ ಪದೇ ಬದಲಾಗುವ ಕೆಲಸದ ಸ್ಥಳ ಇವು ಪ್ರಮುಖ ಅಡೆತಡೆಗಳು. ಈ ಕಾರಣದಿಂದ ಹಾಜರಾತಿಯ ಲೆಕ್ಕ, ಕೂಲಿ ಪಾವತಿಯ ದಾಖಲೆ, ಗುತ್ತಿಗೆದಾರನ ಹೆಸರು ಹಾಗೂ ಕಾಮಗಾರಿಯ ವಿಳಾಸಗಳು ದೂರು ನೀಡುವಾಗ ಮುಖ್ಯ ಸಾಕ್ಷ್ಯಗಳಾಗುತ್ತವೆ.