ಕೋಲಾರದ ಗಣಿಯೂ ಕನ್ನಡ ಶಾಲೆಯ ಕರಿಹಲಗೆಯೂ

ಮುಧೋಳ ಜಮಖಂಡಿಗಳ ಸೀಮೆಯ ತಿಮ್ಮಾಪುರದಲ್ಲಿ ವಿದ್ಯಾರ್ಥಿಯೊಬ್ಬನು ಶಾಲೆಯ ಅಂಗಳದಲ್ಲಿ ಅಂಗೈ ಚಾಚಿ ನಿಂತನೆಂದರೆ, ಆ ಅಂಗೈಯ ಪ್ರತಿ ಚದರ ಸೆಂಟಿಮೀಟರಿನ ಮೂಲಕ ನಿಮಿಷಕ್ಕೆ ಸುಮಾರು ಒಂದರಂತೆ ಮ್ಯೂಆನ್ ಕಣಗಳು ಹಾದುಹೋಗುತ್ತಿರುತ್ತವೆ. ದೂರದ ಆಕಾಶದಿಂದ ಬರುವ ವಿಶ್ವಕಿರಣಗಳು ವಾಯುಮಂಡಲದ ಮೇಲ್ಪದರಗಳನ್ನು ಬಡಿದಾಗ ಹುಟ್ಟುವ ಕಣಗಳಿವು. ಇವುಗಳಿಗೆ ಜಿನೀವಾ ಎಂತೋ ತಿಮ್ಮಾಪುರವೂ ಅಂತೆಯೇ. ಆದರೂ ಮೂಲಕಣಗಳ ಮಾತೆತ್ತಿದೊಡನೆ ಅದು ಪರದೇಶದ ಮಹಾಯಂತ್ರಗಳ ಸುದ್ದಿಯೆಂಬ ಭಾವನೆ ನಮ್ಮ ಪ್ರೌಢಶಾಲೆಗಳಲ್ಲಿ ಮೂಡುವುದುಂಟು. ಇತಿಹಾಸವು ಈ ಭಾವನೆಯನ್ನು ಸಮರ್ಥಿಸುವುದಿಲ್ಲವೆಂಬುದನ್ನು ತೋರಿಸುವುದೇ ಇಲ್ಲಿ ನಮ್ಮ ಉದ್ದೇಶ.

ವಿಜ್ಞಾನವನ್ನು ಕನ್ನಡದಲ್ಲಿ ಹೇಳುವ ಯತ್ನ ನಮ್ಮಲ್ಲಿ ಹಳೆಯದು. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ ಕೂಡಿ 1918ರಲ್ಲಿ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಅದು ಹೆಚ್ಚು ಕಾಲ ಬಾಳಲಿಲ್ಲ. ನ್ಯೂಟ್ರಾನ್ ಪತ್ತೆಯಾದುದು 1932ರಲ್ಲಿ ಎಂಬುದನ್ನು ನೆನೆದರೆ, ಕಣವಿಜ್ಞಾನವಿನ್ನೂ ಶೈಶವದಲ್ಲಿದ್ದಾಗಲೇ ಅದನ್ನು ಹೇಳಬಲ್ಲ ಭಾಷೆ ಇಲ್ಲಿ ಸಿದ್ಧವಾಗುತ್ತಿದ್ದಿತೆಂದು ಹೇಳಬಹುದು.

ಪ್ರಯೋಗದ ಕಥೆ ಬೇರೊಂದು ದಾರಿಯಲ್ಲಿ ನಡೆಯಿತು. 1939ರಲ್ಲಿ ರಜೆಗೆಂದು ಸ್ವದೇಶಕ್ಕೆ ಬಂದ ಹೋಮಿ ಬಾಬಾ ಅವರು ಯುದ್ಧದ ದೆಸೆಯಿಂದ ಇಂಗ್ಲೆಂಡಿಗೆ ಹಿಂದಿರುಗಲಾರದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿ, ಅಲ್ಲಿ ವಿಶ್ವಕಿರಣಗಳ ಅಧ್ಯಯನವನ್ನು ಬೆಳೆಸಿದರು. ಇಂದು ಮುಂಬಯಿಯದೆಂದೇ ಹೆಸರಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ 1945ರಲ್ಲಿ ಕಾರ್ಯಾರಂಭ ಮಾಡಿದುದೂ ಬೆಂಗಳೂರಿನಲ್ಲಿಯೇ.

ನಂಜನಗೂಡಿನಲ್ಲಿ ಜನಿಸಿದ ಬಿ. ವಿ. ಶ್ರೀಕಂಠನ್ ಅವರು ಬಾಬಾ ಅವರ ಸೂಚನೆಯಂತೆ 1951ರಲ್ಲಿ ಕೋಲಾರದ ಚಿನ್ನದ ಗಣಿಗಿಳಿದು ಮ್ಯೂಆನ್‌ಗಳನ್ನು ಎಣಿಸತೊಡಗಿದರು. ಆಳ ಹೆಚ್ಚಿದಂತೆ ಬಂಡೆ ಅವುಗಳನ್ನು ತಡೆಯುತ್ತದೆ, ಎಣಿಕೆ ಇಳಿಯುತ್ತದೆ. 1960ರ ದಶಕದ ಆರಂಭದಲ್ಲಿ ಎಸ್. ಮಿಯಾಕೆ, ವಿ. ಎಸ್. ನರಸಿಂಹಂ, ಪಿ. ವಿ. ರಮಣಮೂರ್ತಿ ಇವರು ಇನ್ನೂ ಆಳಕ್ಕೆ ಹೋದರು. ಅವರ ಅತ್ಯಂತ ಆಳದ ತಾಣದಲ್ಲಿ ಸುಮಾರು ಎರಡು ತಿಂಗಳು ಕಾದರೂ ಉಪಕರಣವು ಒಂದು ಕಣವನ್ನೂ ದಾಖಲಿಸಲಿಲ್ಲ. ಈ ಸೊನ್ನೆಯನ್ನು ನಾವು ಸೋಲೆಂದು ಎಣಿಸಲಾರೆವು. ಮ್ಯೂಆನ್‌ಗಳ ಗದ್ದಲವಿಲ್ಲದ ಅಂತಹ ಕಡೆಯಲ್ಲಿ, ಬಂಡೆಯನ್ನು ಲೆಕ್ಕಿಸದೆ ತೂರಿಬರುವ ನ್ಯೂಟ್ರಿನೊದ ಸುಳಿವನ್ನು ಹಿಡಿಯಬಹುದೆಂಬ ಧೈರ್ಯ ಬಂದುದು ಆ ಸೊನ್ನೆಯಿಂದಲೇ.

ಅನಂತರ ಸುಮಾರು 2,300 ಮೀಟರು ಆಳದಲ್ಲಿ ಟಾಟಾ ಸಂಸ್ಥೆಯವರು, ಜಪಾನಿನ ಒಸಾಕಾ ನಗರ ವಿಶ್ವವಿದ್ಯಾನಿಲಯದವರು ಮತ್ತು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾನಿಲಯದವರು ಕೂಡಿ ಎದುರುಬದುರು ಗೋಡೆಗಳಂತೆ ಉಪಕರಣಗಳನ್ನು ನಿಲ್ಲಿಸಿದರು. ಆ ಆಳಕ್ಕೆ ಉಳಿದು ಬರುವ ಮ್ಯೂಆನ್‌ಗಳು ಬಹುಮಟ್ಟಿಗೆ ನೆತ್ತಿಯ ಕಡೆಯಿಂದ ಬರುವಂಥವು. ಅಡ್ಡಲಾಗಿ ಬಂದ ಕಣವಾದರೋ ಸುತ್ತಣ ಬಂಡೆಯಲ್ಲಿ ನ್ಯೂಟ್ರಿನೊದಿಂದ ಹುಟ್ಟಿದುದಾಗಿರಬೇಕು. ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಸುಳಿವು ದೊರೆತ ವಾರ್ತೆ 1965ರಲ್ಲಿ ಪ್ರಕಟವಾಯಿತು. ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಿಂದ ಫ್ರೆಡರಿಕ್ ರೈನ್ಸ್ ಅವರ ತಂಡವೂ ಅದೇ ವರ್ಷ ಅಂತಹುದೇ ವಾರ್ತೆಯನ್ನು ಕೊಟ್ಟಿತು. ಪ್ರೋಟಾನು ಅಳಿಯುವುದೇ ಎಂಬ ಪರೀಕ್ಷೆಯೂ 1980ರ ದಶಕದಲ್ಲಿ ಕೋಲಾರದಲ್ಲಿ ನಡೆಯಿತು. ಕೆಲವು ಘಟನೆಗಳು ಆಸೆ ಹುಟ್ಟಿಸಿದರೂ ಬೇರೆಡೆಯ ಪ್ರಯೋಗಗಳು ಅವನ್ನು ಸಮರ್ಥಿಸಲಿಲ್ಲ.

ಇತ್ತ ಹೇಳುವವರೂ ಸುಮ್ಮನಿರಲಿಲ್ಲ. ಎಚ್. ನರಸಿಂಹಯ್ಯನವರು ಬೆಂಗಳೂರು ಸೈನ್ಸ್ ಫೋರಂ ಅನ್ನು 1962ರಲ್ಲಿ ಕಟ್ಟಿದರು. 1978ರಲ್ಲಿ ‘ಬಾಲವಿಜ್ಞಾನ’ ಪತ್ರಿಕೆ ಹೊರಟಿತು. 1980ರಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಸ್ಥಾಪಿತವಾಯಿತು. ಜಿನೀವಾದ ಸರ್ನ್ ಸಂಸ್ಥೆಯು ಪ್ರೌಢಶಾಲೆಯ ಅಧ್ಯಾಪಕರನ್ನು ಕರೆಸಿ ಪಾಠ ಹೇಳುವ ಕ್ರಮ 1998ರಿಂದ ಈಚಿನದು. 2005ರಿಂದ ಅನೇಕ ದೇಶಗಳ ವಿದ್ಯಾರ್ಥಿಗಳು ಒಂದು ದಿನದ ಮಟ್ಟಿಗೆ ನಿಜವಾದ ಪ್ರಯೋಗದ ಅಂಕಿಅಂಶಗಳನ್ನೇ ಪರಿಶೀಲಿಸುತ್ತಾರೆ. ಇವು ಸ್ತುತ್ಯವಾದ ಏರ್ಪಾಡುಗಳೇ. ಆದರೆ ಕನ್ನಡ ಶಾಲೆಯ ಅಧ್ಯಾಪಕರು ಪಾಠವನ್ನು ಜಿನೀವಾದಿಂದಲೇ ತೊಡಗಬೇಕಾದ ಅಗತ್ಯವನ್ನು ನಾವು ಕಾಣೆವು.

ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಆ ಸುರಂಗಗಳನ್ನು ಈಗ ಮಕ್ಕಳಿಗೆ ತೋರಿಸುವಂತಿಲ್ಲ. ಕರಿಹಲಗೆಯ ಮೇಲೆ ಒಂದು ಲಂಬರೇಖೆಯನ್ನೆಳೆದು, ತುದಿಯಲ್ಲಿ ತಿಮ್ಮಾಪುರದ ಅಂಗಳವನ್ನೂ ಬುಡದಲ್ಲಿ ಗಣಿಯ ತಳವನ್ನೂ ಗುರುತಿಸಿ, ಮೇಲೆ ನಿಮಿಷಕ್ಕೊಂದು, ಕೆಳಗೆ ಎರಡು ತಿಂಗಳಿಗೆ ಸೊನ್ನೆ ಎಂದು ಬರೆಯಬಹುದು. ಏಕೆ ಹೀಗೆಂಬ ಪ್ರಶ್ನೆಯನ್ನು ಹುಡುಗರೇ ಕೇಳುತ್ತಾರೆ.