ಒಣಹುಳಿಗಳ ಸಂಗ್ರಹ

ಹುಳಿಯಾದ ಕಾಯಿ, ಹಣ್ಣುಗಳನ್ನು ಹೋಳು ಮಾಡಿ ಒಣಗಿಸಿಟ್ಟು ಸಾರಿಗೂ ಮೀನುಸಾರಿಗೂ ಬಳಸುವುದು ಮಲೆನಾಡಿನ ಹಳೆಯ ರೂಢಿ. ವಾಟೆಹುಳಿ ಮತ್ತು ಉಪ್ಪಾಗೆ ಇವುಗಳಲ್ಲಿ ಮುಖ್ಯವಾದವು. ಈಚೆಗೆ ಟೊಮೆಟೊವನ್ನೂ ಹೀಗೆ ಒಣಗಿಸುವುದುಂಟು. ಹಾಸನ ಜಿಲ್ಲೆಯ ಸಕಲೇಶಪುರ, ಆಲೂರು ಬೆಟ್ಟಗಳಲ್ಲಿ ಒಣಗಿಸುವುದಕ್ಕಿಂತ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಒಣಹುಳಿಯನ್ನು ಉಳಿಸಿಕೊಳ್ಳುವುದು ಕಷ್ಟ. ಘಟ್ಟದ ಅಂಚಿನ ಬಿಸಿಲೆ, ಹೆತ್ತೂರುಗಳ ಕಡೆ ಈ ಕಷ್ಟ ಹೆಚ್ಚು, ಪೂರ್ವಕ್ಕಿರುವ ಆಲೂರಿನ ಬಯಲಿನಲ್ಲಿ ಕಡಿಮೆ.

ವಾಟೆ ಹಲಸಿನ ಕುಲದ ಮರ. ಅದರ ಕಾಯನ್ನು ಹೋಳು ಮಾಡಿ ಬಿಸಿಲಿಗೆ ಹರಡುತ್ತಾರೆ. ಉಪ್ಪಾಗೆ ಹಣ್ಣಾಗುವುದು ಮಳೆಗಾಲದಲ್ಲೇ. ಬಿಸಿಲಿಲ್ಲದ ಕಾರಣ ಅದರ ಸಿಪ್ಪೆಯನ್ನು ಬೆಂಕಿಯ ಮೇಲಿನ ಅಟ್ಟದಲ್ಲಿ ಒಣಗಿಸಬೇಕಾಗುತ್ತದೆ. ಅದರ ಕಪ್ಪು ಬಣ್ಣಕ್ಕೂ ಹೊಗೆವಾಸನೆಗೂ ಇದೇ ಕಾರಣ. ಟೊಮೆಟೊದಲ್ಲಿ ಸುಮಾರು ಶೇ. 94ರಷ್ಟು ನೀರಿರುವುದರಿಂದ ಅದು ಒಣಗಲು ತಡವಾಗುತ್ತದೆ.

ಒಣಗಿದ ಪದಾರ್ಥ ಕೆಡದಿರುವುದು ಅದರಲ್ಲಿ ಸೂಕ್ಷ್ಮಜೀವಿಗಳ ಬಳಕೆಗೆ ಒದಗುವ ನೀರು ಇಲ್ಲದಿರುವುದರಿಂದ. ಈ ನೀರಿನ ಅಳತೆಗೆ ಜಲಚಟುವಟಿಕೆ ಎಂದು ಹೆಸರು. ಶುದ್ಧ ನೀರಿನದು 1. ಹೆಚ್ಚಿನ ಬ್ಯಾಕ್ಟೀರಿಯಾಗಳಿಗೆ 0.9ರಷ್ಟು ಬೇಕು. ಬೂಷ್ಟಿಗೆ ಅದಕ್ಕಿಂತ ಕಡಿಮೆ ಸಾಕು. 0.6ಕ್ಕಿಂತ ಕೆಳಗೆ ಯಾವುದೂ ಬೆಳೆಯದು. ಆದರೆ ತೆರೆದಿಟ್ಟ ಹೋಳು ಸುತ್ತಲ ಗಾಳಿಯ ತೇವಕ್ಕೆ ತಾನೂ ಹೊಂದಿಕೊಳ್ಳುತ್ತದೆ. ಶೇ. 85 ತೇವವಿರುವ ಗಾಳಿಯಲ್ಲಿ ಬಿಟ್ಟರೆ ಅದರ ಜಲಚಟುವಟಿಕೆಯೂ ನಿಧಾನವಾಗಿ 0.85ರ ಕಡೆಗೆ ಏರುತ್ತದೆ. ಬೇಸಿಗೆಯಲ್ಲಿ ಎಷ್ಟೇ ಚೆನ್ನಾಗಿ ಒಣಗಿಸಿದ್ದರೂ ಮುಚ್ಚಳ ಸಡಿಲವಿದ್ದರೆ ಆಷಾಢದಲ್ಲಿ ಬೂಷ್ಟು ಹಿಡಿಯುವುದು ಇದರಿಂದಲೇ. ಉಪ್ಪು ಹಚ್ಚಿದ ಹೋಳಿಗೆ ಉಪ್ಪಿನ ರಕ್ಷಣೆಯಿದ್ದರೂ, ಉಪ್ಪು ತಾನೇ ತೇವ ಎಳೆಯುವುದರಿಂದ ಅದಕ್ಕೂ ಬಿಗಿ ಮುಚ್ಚಳ ಬೇಕು.

ಬಿಸಿಲಿನಿಂದ ತೆಗೆದ ಹೋಳು ಪೂರ್ತಿ ಆರಿದ ಮೇಲೆ ತುಂಬಬೇಕು. ಬಿಸಿಯಿದ್ದಾಗ ಮುಚ್ಚಿದರೆ ಒಳಗೆ ಬೆವರುತ್ತದೆ. ಜಾಡಿಯನ್ನು ಮುಕ್ಕಾಲಿಗಿಂತ ಕಡಿಮೆ ತುಂಬಿ ಒಂದು ವಾರ ದಿನಕ್ಕೊಮ್ಮೆ ಕುಲುಕುವುದು ಒಳ್ಳೆಯದು. ದಪ್ಪ ಹೋಳಿನಲ್ಲಿ ಉಳಿದ ತೇವ ಆಗ ಎಲ್ಲಕ್ಕೂ ಹಂಚಿಕೆಯಾಗುತ್ತದೆ. ಗಾಜಿನ ಒಳಮೈಯಲ್ಲಿ ನೀರಹನಿ ಕಂಡರೆ ಮತ್ತೆ ಒಣಗಿಸಬೇಕು. ಪಾತ್ರೆ ಗಾಜಿನದೋ ಪಿಂಗಾಣಿಯ ಭರಣಿಯೋ ಆಗಿರಲಿ; ಹುಳಿಯು ಅಲ್ಯೂಮಿನಿಯಂ, ತಾಮ್ರಗಳನ್ನು ತಿನ್ನುತ್ತದೆ. ದೊಡ್ಡ ಭರಣಿಯೊಂದನ್ನು ಮಳೆಗಾಲದಲ್ಲಿ ದಿನವೂ ತೆರೆಯುವುದಕ್ಕಿಂತ ಸಣ್ಣ ಜಾಡಿಗಳಲ್ಲಿ ಹಂಚಿಡುವುದು ಮೇಲು. ಒದ್ದೆ ಕೈ, ಒದ್ದೆ ಚಮಚ ಒಂದು ಸಲ ತಾಗಿದರೂ ಸಾಕು, ಕೆಡುಕು ಅಲ್ಲಿಂದ ಶುರುವಾಗುತ್ತದೆ.

ಕೆಟ್ಟಿರುವುದನ್ನು ಗುರುತಿಸುವಾಗ ಬಣ್ಣವನ್ನು ನಂಬಬಾರದು. ಕೆಂಪು ಕಂದಾಗುವುದು, ಕಂದು ಕಪ್ಪಾಗುವುದು ಹಳತಾದುದರ ಗುರುತು. ರುಚಿ ಕುಂದಿರಬಹುದು, ಅಷ್ಟೇ. ಮೇಲಿನ ಬಿಳಿ ಪುಡಿ ಉಪ್ಪಿನ ಹರಳಾಗಿದ್ದರೆ ನೀರಿನಲ್ಲಿ ಕರಗುತ್ತದೆ. ಬೂಷ್ಟು ಕರಗದು, ಅದು ನೂಲಿನಂತೆ, ಹತ್ತಿಯಂತೆ ಹಬ್ಬಿರುತ್ತದೆ, ಕೆಲವೊಮ್ಮೆ ಹಸಿರು ಇಲ್ಲವೆ ಕಪ್ಪಾಗಿರುತ್ತದೆ. ಮುಗ್ಗಲು ವಾಸನೆ, ಹೆಂಡದಂಥ ಹುಳಿನಾತ, ಹೋಳುಗಳ ಅಂಟು, ಜೇಡರಬಲೆಯಂಥ ಎಳೆ, ಹುಡಿ ಇವೂ ಕೆಟ್ಟಿರುವ ಗುರುತುಗಳು. ಎಳೆ ಹೆಣೆಯುವುದು ಪತಂಗದ ಹುಳು. ಬೂಷ್ಟು ಹಿಡಿದುದನ್ನು ತೊಳೆದು ಮತ್ತೆ ಬಿಸಿಲಿಗಿಡುವ ಅಭ್ಯಾಸ ಕೆಲವೆಡೆ ಇದೆ, ಅದು ತಪ್ಪು. ಕೆಲವು ಬೂಷ್ಟುಗಳ ವಿಷ ಬಿಸಿಲಿಗೂ ಕುದಿಗೂ ಜಗ್ಗುವುದಿಲ್ಲ, ಆದ್ದರಿಂದ ಜಾಡಿಯಲ್ಲಿದ್ದದ್ದನ್ನೆಲ್ಲ ಎಸೆಯಬೇಕು.

ಎಣ್ಣೆಯಲ್ಲಿ ಮುಳುಗಿಸಿದ ಟೊಮೆಟೊದ ವಿಷಯವೇ ಬೇರೆ. ಎಣ್ಣೆ ಗಾಳಿಯನ್ನು ತಡೆಯುವುದರಿಂದ ಬೂಷ್ಟು ಬಾರದಿರಬಹುದು. ಆದರೆ ಹಸಿ ಬೆಳ್ಳುಳ್ಳಿ, ಹಸಿ ಸೊಪ್ಪು ಸೇರಿಸಿದರೆ ಗಾಳಿಯಿಲ್ಲದೆಡೆ ಬೆಳೆಯುವ ಬಾಟುಲಿನಂ ಬ್ಯಾಕ್ಟೀರಿಯಾಕ್ಕೆ ಅವು ಆಸರೆಯಾಗುತ್ತವೆ. ಆಮ್ಲತೆಯ ಪಿಎಚ್ 4.6ಕ್ಕಿಂತ ಮೇಲಿದ್ದರೆ ಅದು ಬೆಳೆಯಬಲ್ಲುದು. ಟೊಮೆಟೊ ಈ ಗಡಿಯ ಹತ್ತಿರದ ಹಣ್ಣು. ಬೆಳ್ಳುಳ್ಳಿಯಂತೂ ಗಡಿಯ ಆಚೆಗಿದೆ. ಈ ಬ್ಯಾಕ್ಟೀರಿಯಾದ ವಿಷಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಮನೆಯಲ್ಲಿ ಮಾಡಿದ ಇಂಥ ಮಿಶ್ರಣವನ್ನು ಫ್ರಿಜ್ಜಿನಲ್ಲಿ 4 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಟ್ಟು ಕೆಲವೇ ದಿನಗಳಲ್ಲಿ ಮುಗಿಸಬೇಕು. ಮಳೆಗಾಲದಲ್ಲಿ ಹೆಚ್ಚು ಹೊತ್ತು ಕರೆಂಟು ಹೋಗುವ ಕಡೆ ಟೊಮೆಟೊವನ್ನು ಒಣದಾಗಿಯೇ ಇಟ್ಟು, ಎಣ್ಣೆ, ಬೆಳ್ಳುಳ್ಳಿಗಳನ್ನು ಬಳಸುವ ದಿನ ಬೆರೆಸುವುದು ಕ್ಷೇಮ.